ಏಳನೇ ನಂಬರಿನ ಹೊಂಗೆ

ಚೀಟಿ ಎತ್ತಿಸಿ ಮರ ಹಂಚಿದರು ಸುಭಾಷಿಣಿ ಮೇಡಂ.
ಮುಬೀನಾಗೆ ಗೇಟಿನ ಹುಣಸೆ,
ಗಂಗಾದ್ರಿಗೆ ಮಾವು, ಎಣಿಸಿದ್ದನ್ನು ತಿನ್ನಲೂಬಹುದು.
ನನಗೆ ಶೌಚಾಲಯದ ಹಿಂದಿನ ಹೊಂಗೆ.
ಕಾಂಡದ ಮೇಲೆ ಸುಣ್ಣದಲ್ಲಿ ಏಳು ಅಂತ ಬರೆದೆ;
ಸುಣ್ಣ ಇಳಿದು ಏಳಕ್ಕೊಂದು ಬಾಲ ಬಂತು.

ಪ್ರತಿ ಶನಿವಾರ, ಪ್ರಾರ್ಥನೆಗೆ ಮೊದಲು
ಚಿಗುರು, ಮೊಗ್ಗು, ಹೂ, ಕಾಯಿ:
ಇಲ್ಲ, ಕೊಂಚ, ಬಹಳ.
‘ಸುಮಾರು’ ಅನ್ನುವುದಕ್ಕೆ ಪಟ್ಟಿಯಲ್ಲಿ ಮನೆಯಿಲ್ಲ.

ಅಮ್ಮ ನಕ್ಕಳು, ಮರ ನೋಡೋಕೂ ಮಾರ್ಕ್ಸಾ?
ಅಜ್ಜಿ ನಗಲಿಲ್ಲ.
ಹೊಂಗೆ ಹೂ ಪುರಿಯ ಹಾಗೆ ಸುರಿದು
ಗುಡಿಸಿ ಗುಡ್ಡೆ ಹಾಕಿದ ಮೇಲೆ ಭರಣಿ ಮಳೆ,
ಅದು ಅವಳ ಪಟ್ಟಿ.
‘ಯುಗಾದಿಗೆ ಮುಂಚೇನೇ ಹೂವಾ?’ ಅಂದಳು,
ನಾನೇ ಅರಳಿಸಿದ ಹಾಗೆ ನನ್ನನ್ನೇ ದಿಟ್ಟಿಸಿ.

ಹದಿನೇಳು ವಾರ ತಪ್ಪದೆ ನೋಡಿದೆ.
ಹದಿನೆಂಟನೆಯದಕ್ಕೆ ಬಾಗೇಪಲ್ಲಿಯಲ್ಲಿ ಮದುವೆ.
ಗುಡಿಬಂಡೆಗೆ ವಾಪಸು ಬರುವ ಬಸ್ಸಿನಲ್ಲಿ
ಮೊಣಕಾಲ ಮೇಲೆ ಹಾಳೆಯಿಟ್ಟು ಬರೆದೆ:
ಹೂ, ಬಹಳ.
ಹೋದ ವಾರ ಬಹಳ ಇತ್ತಲ್ಲ,
ಮರ ಎಲ್ಲಿಗೆ ಹೋಗುತ್ತೆ?

ಸೋಮವಾರ ನೋಡಿದರೆ ಮರ ಅರ್ಧ ಹೋಗಿತ್ತು.
ಶುಕ್ರವಾರ ಸಂಜೆಯೇ ಬೆಸ್ಕಾಂನವರು ಏಣಿ ತಂದು
ತಂತಿಯ ಕಡೆಯದನ್ನೆಲ್ಲ ತರಿದಿದ್ದರು.
ಮಣ್ಣಿನ ಮೇಲೆ ಕೊಂಬೆ ಎಳೆದೊಯ್ದ ಗೀರು,
ಯಾರದೋ ಮನೆಯ ಸೌದೆಯವರೆಗೆ.
ಗೀರಿನುದ್ದಕ್ಕೂ ಬಾಡಿದ ನೇರಳೆ ಹೂ.

ಮೇಡಂ ನನ್ನ ಹಾಳೆ ನೋಡಿದರು,
ಕಿಟಕಿಯಾಚೆ ನೋಡಿದರು.
‘ನೀನು ಬರೆದದ್ದು ಯಾವ ಮರ?’
ನಾನು ರಬ್ಬರು ಹುಡುಕಿದೆ.
‘ಅಳಿಸಬೇಡ. ಒಂದು ಗೆರೆ ಎಳಿ,
ಕೆಳಗಿರೋದು ಕಾಣಬೇಕು.
ನೋಡಲಿಲ್ಲ ಅಂತ ಬರಿ.
ಇಲ್ಲ ಅನ್ನೋದು ಬೇರೆ, ನೋಡಲಿಲ್ಲ ಅನ್ನೋದು ಬೇರೆ.’

ನೋಡಲಿಲ್ಲ.
ಒತ್ತಕ್ಷರ ಒಂದೇ ಒಂದು, ಆದರೂ ಕೈ ತಡೆಯಿತು.

ಈಗ ರಜೆ. ಚಿಲಕವಿಲ್ಲದ ಹಿಂದಿನ ಗೇಟಿನಿಂದ
ಶನಿವಾರ ಶನಿವಾರ ಹೋಗುತ್ತೇನೆ.
ಉಳಿದ ಹೊಂಗೆಗಳೆಲ್ಲ ಎಲೆ ಬಲಿತು ಕಪ್ಪಗಿವೆ;
ಏಳನೆಯದು ಮಾತ್ರ ಕಡಿದ ಬಾಯಲ್ಲೆಲ್ಲ
ಮೇಣದಂಥ ಎಳೆ ಚಿಗುರು ಉಗುಳುತ್ತಿದೆ.
ಚಿಗುರು, ಕೊಂಚ.
ಇದು ಕಾಲದ್ದೋ, ಮಚ್ಚಿನದೋ?
ಅದಕ್ಕೂ ಮನೆಯಿಲ್ಲ. ಅಂಚಿನಲ್ಲಿ ಬರೆದಿದ್ದೇನೆ.

ಮಳೆಯ ಅಂಕಣಕ್ಕೆ ಇವತ್ತು ಇಲ್ಲ ಅಂತ ಬರೆಯುವಾಗ
ಒಳಗಿಂದ ಅಜ್ಜಿ:
‘ರಾತ್ರಿ ನಾಲ್ಕು ಹನಿ ಬಿತ್ತು.
ನೀನು ಮಲಗಿದ್ದೆ.
ನಾನು ನೋಡ್ದೆ ಅಂತ ಬರ್ಕೊ.’