ಸವೆಯದ ಪುಟ

ಯೆಸಾಯ ಮಾಮನ ಬೈಬಲ್
ಒಂದು ಕೈಯಲ್ಲಿ ಹಿಡಿಯುವಂಥದ್ದಲ್ಲ.
ಮಲಾವಿ ಸರೋವರದ ದಂಡೆಗೆ, ನಮ್ಮ ನ್ಖಾಟಾ ಕೊಲ್ಲಿಗೆ,
ಜೋಳದ ಹಿಟ್ಟಿನ ಮೂಟೆಗಳ ನಡುವೆ ಕೂತು
ಬಸ್ಸಿನಲ್ಲಿ ಬಂತು, ನಲವತ್ತು ದಪ್ಪ ಸಂಪುಟ.
ಕೀರ್ತನೆಗಳೇ ಒಂದು ಮಗುವಿನ ಭಾರ.
ಮಸಿಯಿಲ್ಲ, ಗೆರೆಯಿಲ್ಲ; ಬಿಳಿ ಹಾಳೆಯ ಮೇಲೆ
ಚಳಿಗೆ ಮೈ ನವಿರೆದ್ದಂತೆ ಬರೀ ಚುಕ್ಕೆ.

ಮೂವತ್ತು ವರ್ಷ ಬಲೆ ಎಳೆದ ಬೆರಳು ಅವನವು.
ಹಗ್ಗ ಕೊರೆದು, ನೀರು ನೆನೆಸಿ,
ಬಿಸಿಲು ಬೇಯಿಸಿ ಕಟ್ಟಿದ ಜಡ್ಡು.
ಒಲೆಯ ಕೆಂಡವನ್ನು ಬರಿಗೈಯಲ್ಲಿ ಎತ್ತಿಡುತ್ತಿದ್ದ.
ಕಣ್ಣು ಹೋದ ಮೇಲೆ ಮೊದಲ ಸಲ ಪುಟ ಮುಟ್ಟಿ
"ಏನೂ ಇಲ್ಲವಲ್ಲೇ ಲುಸುಂಗು,
ದೇವರು ಖಾಲಿ ಹಾಳೆ ಕಳಿಸಿದ್ದಾನೆ" ಅಂದ.

ಅದಕ್ಕೇ ಮೊದಲ ವರ್ಷ ಓದಲಿಲ್ಲ, ನೆನೆಸಿದ.
ಸಂಜೆ ಸಂಜೆ ಬಿಸಿನೀರಿನ ಬೋಗುಣಿ,
ಕಡಲೆಕಾಯಿ ಎಣ್ಣೆ, ಒರಟು ಕಲ್ಲು.
ನಾನು ಉಜ್ಜಿಕೊಡುತ್ತಿದ್ದೆ, ಜಡ್ಡು
ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಬಿಡುತ್ತಿತ್ತು.
ಚರ್ಚಿನಲ್ಲಿ ಹಿರಿಯರು ಹೃದಯ ಮೆತ್ತಗಾಗಲಿ ಎಂದು ಪ್ರಾರ್ಥಿಸುತ್ತಿದ್ದರು;
ನಮ್ಮ ಮನೆಯಲ್ಲಿ ಕೆಲಸ ಬೆರಳಿನಿಂದ ಶುರುವಾಗಿತ್ತು.

ಆಮೇಲೊಂದು ದಿನ, ಮಾವಿನ ಮರದ ಕೆಳಗೆ
ಒಂದು ಪದ ಸಿಕ್ಕಿತು. ಯಾವುದು ಗೊತ್ತೇ? 'ಮತ್ತು.'
ಕುಣಿದಾಡಿಬಿಟ್ಟ. ದಾರಿಹೋಕರಿಗೆಲ್ಲ ಹೇಳಿದ:
"ಮತ್ತು ಸಿಕ್ಕಿತು! ಅಂದರೆ ಮುಂದೆಯೂ ಏನೋ ಇದೆ!"

ನಾನು ಕಣ್ಣಿನವಳು. ಅಧ್ಯಾಯವನ್ನು
ಗಂಜಿಯ ಹಾಗೆ ಗಟಗಟ ಕುಡಿದು ಬಾಯಿ ಒರೆಸುವವಳು.
ಅವನೋ, ಒಂದು ಸಾಲಿಗೆ ಒಂದು ಬೆಳಗು.
ಹಿಡಿಸಿದಲ್ಲಿ ಹಿಂದೆ ಬಂದು, ಮತ್ತೆ ಮುಂದೆ,
ಮಲಗಿದ ಮಗುವಿನ ಬೆನ್ನು ಸವರಿದ ಹಾಗೆ.
ವರ್ಷ ಕಳೆದಂತೆ ಕೀರ್ತನೆಗಳ ಚುಕ್ಕೆ ಅಡಗಿ
ಪುಟ ಹೊಳೆಗಲ್ಲಿನಷ್ಟು ನುಣುಪಾಯಿತು.
"ಇಲ್ಲಿ ಇನ್ನೇನೂ ಉಳಿದಿಲ್ಲ ಮಾಮ" ಅಂದೆ.
"ಅದು ಅಲ್ಲಿಂದ ಹೊರಟು ಎಷ್ಟೋ ದಿನವಾಯ್ತು" ಅಂದ.

ಮಳೆಗಾಲಕ್ಕೆ ಮುಂಚೆ, ಗೆದ್ದಲು ಹಿಡಿಯದಿರಲೆಂದು
ಸಂಪುಟಗಳನ್ನು ಚಾಪೆಯ ಮೇಲೆ ಬಿಸಿಲಿಗೆ ಹರವಿದಾಗ
ನಾನೂ ಕಣ್ಣು ಮುಚ್ಚಿ ಬೆರಳಾಡಿಸಿದೆ.
ಸುವಾರ್ತೆಯ ಒಂದು ಪುಟ ಚುಚ್ಚಿತು.
ಹೊಚ್ಚ ಹೊಸದು. ಒಂದು ಚುಕ್ಕೆಯೂ ಕುಗ್ಗಿಲ್ಲ.
ಅಕ್ಕಪಕ್ಕದ ಪುಟಗಳೆಲ್ಲ ಸವೆದಿವೆ, ಇದೊಂದು
ಯಾರೂ ಕಾಲಿಡದ ಅಂಗಳ.
ನನ್ನ ಕಣ್ಣಿನ ಬೈಬಲ್ ತಂದು ಜಾಗ ಹುಡುಕಿದೆ:
ಸಹೋದರ ತಪ್ಪು ಮಾಡಿದರೆ ಎಷ್ಟು ಸಲ ಮನ್ನಿಸಬೇಕು
ಎಂದು ಶಿಷ್ಯನೊಬ್ಬ ಕೇಳಿದ ಜಾಗ.

ದೋಣಿಯ ಜಗಳ ಊರಿಗೇ ಗೊತ್ತು.
ಇವನ ಕಣ್ಣು ಮಂಜಾದ ವರ್ಷವೇ ತಮ್ಮ ಓಬೇದ
ಅಪ್ಪನ ದೋಣಿಗೆ ತನ್ನ ಹೆಸರು ಬರೆಸಿಕೊಂಡಿದ್ದ.
ನಾನು ಏನೂ ಅನ್ನಲಿಲ್ಲ. ಸಂಪುಟ ಮುಚ್ಚಿದೆ.
ಆದರೆ ನನ್ನ ಬೆರಳು ನಿಂತ ಸದ್ದು
ಮಾಮನ ಕಿವಿಗೆ ಬಿದ್ದಿತ್ತು.

ಆ ರಾತ್ರಿ ಕತ್ತಲಲ್ಲಿ ಹಾಳೆ ಸರಿಯಿತು.
ದೀಪ ಬೇಡದ ಓದು, ಯಾರು ಹಿಡಿಯುತ್ತಾರೆ?
ಒಂದು ಸಾಲು. ನಿಲ್ಲಿಸಿದ. ಕೆಮ್ಮಿದ. ಮತ್ತೆ ಅದೇ ಸಾಲು.
ಹೀಗೆ ಎಷ್ಟು ರಾತ್ರಿಯೋ, ನಾನು ಲೆಕ್ಕ ಇಡಲಿಲ್ಲ;
ಲೆಕ್ಕ ಇಡಬೇಡ ಎಂದಲ್ಲವೇ ಅಲ್ಲಿ ಹೇಳಿರುವುದು.

ಉಸಿಪಾ ಮೀನು ಹಿಂಡು ಹಿಂಡಾಗಿ ಬಂದ ತಿಂಗಳು
ಓಬೇದನ ಬಲೆಗೆ ಕೈ ಸಾಲಲಿಲ್ಲ.
ಮಾಮ ಕೋಲೂರಿ ದಂಡೆಗೆ ಇಳಿದ,
ಎಳೆಯುವವರ ಕೂಗಿನ ಜಾಡು ಹಿಡಿದು ಹಗ್ಗ ಮುಟ್ಟಿದ.
ಯಾರೂ ಮಾತಾಡಲಿಲ್ಲ.
ಓಬೇದ ಒಂದು ಗೇಣು ಸರಿದು ನಿಂತ,
ಎರಡು ಕೈಗೆ ಬೇಕಾಗುವಷ್ಟು.

ಈಗ ಹೊಸ ಪೇಚು. ಬೆರಳು ಮತ್ತೆ ಜಡ್ಡುಗಟ್ಟಿದೆ.
ಚುಕ್ಕೆ ತಿಳಿಯುವುದಿಲ್ಲ ಎಂದು ಗೊಣಗುತ್ತಾನೆ,
ಮೈಯೆಲ್ಲ ಮೀನಿನ ವಾಸನೆ.
"ನೀರು ಕಾಯಿಸೇ ಲುಸುಂಗು, ಬೋಗುಣಿ ತಾ,
ಮೊದಲಿಂದ ಶುರು ಮಾಡೋಣ."
ನಾನು ಸೌದೆ ಒಟ್ಟುತ್ತೇನೆ. ಹೊರಗೆ ತೆಂಕಣ ಗಾಳಿ.
ಎಣ್ಣೆ ತಳ ಕಂಡಿದೆ;
ಓಬೇದನ ಮನೆಯಿಂದ ಕಡ ತರಬೇಕು.