ಪುಸ್ತಕ ಬಂತು, ಪುಟ ಬರಲಿಲ್ಲ

ಸಿತ್ರಾದ ಉಗ್ರಾಣದಿಂದ ಮಕ್ಕಿಯವರ ಫೋನು.
ಕುಂದಾಪುರದ ಕಡೆ ಮಕ್ಕಿ ಅಂದರೆ
ಮಳೆನೀರನ್ನೇ ನಂಬಿದ ಗದ್ದೆ ಎಂದು
ಒಮ್ಮೆ ಹೇಳಿದ್ದಕ್ಕೆ ಬಹಳ ನಕ್ಕಿದ್ದರು.
ಇವತ್ತು ನಗುವಿಲ್ಲ.
"ಉಖ್ತೀ, ತಂಗೀ, ಎಫ್ ಒನ್ ಒತ್ತಿದೆ.
ಪುಸ್ತಕ ಬಂತು, ಪುಟ ಬರಲಿಲ್ಲ."

ಆಗಸ್ಟ್. ಮನಾಮಾದ ಮೂರನೇ ಮಹಡಿ.
ಎ.ಸಿ.ಯ ಹೊಟ್ಟೆಯಿಂದ ಬಕೆಟ್ಟಿಗೆ ಹನಿ.
ಅವರ ಪರದೆಯಲ್ಲೀಗ ಏನಿದೆಯೆಂದು ನನಗೆ ಗೊತ್ತು:
ಎಡಕ್ಕೆ ವಿಷಯಸೂಚಿ, ನಾನು ಪೋಣಿಸಿದ ಹಾಗೇ,
ಸರಕು ಒಳಬಂದಾಗ, ಸರಕು ಹೊರಹೋದಾಗ,
ಲೆಕ್ಕ ತಾಳೆಯಾಗದಿದ್ದಾಗ;
ಬಲಕ್ಕೆ, ಒಣಗಿದ ಉಪ್ಪಿನ ಬಿಳಿ.
ನಿನ್ನೆ ರಾತ್ರಿ ಕಂಪ್ಯೂಟರು ತನ್ನಷ್ಟಕ್ಕೆ ಅಪ್‌ಡೇಟ್ ಆಗಿದೆ.
ಪಕ್ಕದ ಯಂತ್ರದಲ್ಲಿಟ್ಟ ಕಡತವನ್ನು
ಅದಿನ್ನು ನಂಬುವುದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಕಡತದ ಜಾತಿಯೇ ಬೇರೆ.
ಹಸಿರು ಗೆರೆಯ ಪದ ಮುಟ್ಟಿದರೆ
ಹಳದಿ ಚೀಟಿ ಹಾರಿಬಂದು ಅರ್ಥ ಹೇಳುತ್ತಿತ್ತು.
ಹೊಸ ವಿಂಡೋಸ್ ಬಂತು;
ಅದನ್ನು ತೆರೆಯುವವನೇ ಕೆಲಸ ಬಿಟ್ಟ.
ಮುನ್ನೂರ ಹನ್ನೆರಡು ಪುಟ ತಲೆಮೇಲೆ ಹೊತ್ತು
ಇನ್ನೊಂದು ರೂಪಕ್ಕೆ ಗುಳೆ ಹೋದೆ.
ಆ ಹೊತ್ತಿಗೇ ದೇಶದ ವಾರದ ರಜೆ
ಗುರುವಾರ ಬಿಟ್ಟು ಶನಿವಾರಕ್ಕೆ ಸರಿದಿತ್ತು.
"ಬುಧವಾರ ಸಂಜೆ ಲೆಕ್ಕ ಮುಚ್ಚಿ" ಎಂಬ ಮಾತು
ಹನ್ನೊಂದು ಕಡೆ. ಹತ್ತನ್ನು ತಿದ್ದಿದೆ.
ಮುಹರ್ರಕಿನ ಗುಮಾಸ್ತನೊಬ್ಬ ವರ್ಷವಿಡೀ
ಬುಧವಾರವೇ ಮುಚ್ಚುತ್ತಿದ್ದ, ಪಾಪ, ನಿಷ್ಠೆಯಿಂದ.

ಸೂಕಿಗೆ ಹೋಗುವಲ್ಲಿ ಬಾಬ್ ಅಲ್ ಬಹ್ರೇನ್ ಇದೆ.
ಕಟ್ಟಿದಾಗ ಎದುರಿಗೇ ನೀರಿತ್ತಂತೆ.
ಮಣ್ಣು ತುಂಬಿ ತುಂಬಿ ಕಡಲನ್ನು ಆಚೆ ದಬ್ಬಿದರು,
ಬಾಗಿಲು ಮಾತ್ರ ನಿಂತಲ್ಲೇ ನಿಂತು
ಟ್ಯಾಕ್ಸಿಗಳಿಗೆ ತೆರೆದುಕೊಂಡಿದೆ.
ನಿನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ
ಅದನ್ನು ತೋರಿಸುತ್ತೇನೆ.
ಅವರು ಫೋಟೊ ತೆಗೆಯುತ್ತಾರೆ.

ಈ ಬೇಸಿಗೆ ಎರಡನೇ ಗುಳೆ. ಮೂಟೆ ಬಿಚ್ಚಿದಾಗ
ಸೂಚಿಯಲ್ಲಿಲ್ಲದ, ಯಾವ ಕೊಂಡಿಯೂ ತಲುಪದ
ಪುಟವೊಂದು ಸಿಕ್ಕಿತು. ಮೊದಲ ಸಲ
ನೋಡದೆಯೇ ಹೊತ್ತು ತಂದಿದ್ದೆ.
ಬರೆದವರು: ಜಯಶೀಲ ಬಂಗೇರ.
ಅವರನ್ನು ಕಂಡದ್ದಿಲ್ಲ; ನನ್ನ ಮೇಜಿನ ಖಾನೆಯಲ್ಲಿ
ಅವರ ಹಳೇ ಬಸ್ ಪಾಸು ಇದೆ, ಅಷ್ಟೆ.
ಪುಟದ ತುಂಬ ಟೊಪ್ಪಿಗೆಯಿಟ್ಟ ಎ-ಗಳು,
ಪೌಂಡಿನ ಗುರುತುಗಳು.
ಆ ಕಸ ಕನ್ನಡವೆಂದು ಕನ್ನಡದವರಿಗಷ್ಟೇ ಗೊತ್ತಾಗುತ್ತದೆ.
ಅದರ ಫಾಂಟು ಹುಡುಕಲು ಮೂರು ರಾತ್ರಿ,
ಗೀರುಬಿದ್ದ ಒಂದು ಸಿ.ಡಿ.
ತೊಡಿಸಿದೆ. ಕಸ ಎದ್ದು ಕೂತಿತು:

"ನನ್ನ ನಂತರ ಬರುವವರಿಗೆ.
ಎಫ್ ಒನ್ ಒತ್ತುವವ ಆಗಲೇ ಎರಡು ಸಲ ಸೋತಿರುತ್ತಾನೆ.
ಹಿಂದೆ ಯಾರೋ ನಿಂತಿರುತ್ತಾರೆ. ಲಾರಿ ಕಾಯುತ್ತಿರುತ್ತದೆ.
ದಯವಿಟ್ಟು ಗಮನಿಸಿ ಅಂತೆಲ್ಲ ಬೇಡ. ಯಾವ ಗುಂಡಿ, ಅದು ಹೇಳು.
ದಿನಾರಿಗೆ ಸಾವಿರ ಫಿಲ್ಸ್. ಚುಕ್ಕೆಯಾಚೆ ಮೂರು ಮನೆ,
ಎರಡಲ್ಲ. ಊರಿಂದ ಬಂದವರು ತಪ್ಪುವುದು ಅಲ್ಲೇ.
ನಾನೂ ತಪ್ಪಿದೆ. ಸಂಬಳದಲ್ಲಿ ಮುರಿದುಕೊಂಡರು."

ಫೋನಿನಲ್ಲಿ ಮಕ್ಕಿಯವರ ಉಸಿರು.
ಅದರ ಹಿಂದೆ ಹಾರನ್ನು.
ಕ್ಷಮಿಸಿ ಅನ್ನಲು ಬಾಯಿ ತೆರೆದವಳು ನುಂಗಿಕೊಂಡೆ.
"ಕಡತವನ್ನು ನಿಮ್ಮ ಯಂತ್ರಕ್ಕೆ ಎಳೆದುಕೊಳ್ಳಿ.
ಮೌಸಿನ ಬಲಗುಂಡಿ. ಪ್ರಾಪರ್ಟೀಸ್.
ಕೆಳಗೆ ಅನ್‌ಬ್ಲಾಕ್. ಈಗ ತೆರೆಯಿರಿ."
"ಬಂತು," ಅಂದವರೇ ಇಟ್ಟುಬಿಟ್ಟರು.

ಮುಂದಿನ ತಿಂಗಳಿಂದ ಎಲ್ಲವೂ ಬ್ರೌಸರಿನ ಪುಟ.
ಅದೂ ಎಷ್ಟು ದಿನವೋ.
ಬಂಗೇರರ ಮಾತನ್ನು ಯೂನಿಕೋಡಿಗೆ ಕೈಯಾರೆ ಟೈಪಿಸಿದೆ.
ಕೊಂಡಿ ಕೊಡಲಿಲ್ಲ, ಸೂಚಿಗೂ ಸೇರಿಸಲಿಲ್ಲ.
ಅಡಿಯಲ್ಲಿ ನನ್ನದೊಂದು ಸಾಲು:
ಗುರುವಾರ ಎಂಬ ಪದ ಹನ್ನೊಂದು ಕಡೆ ಇದೆ.
ಎಣಿಸಿಕೋ.