ರೆಪ್ಪೆ ಬಡಿದ ದೇವರು

ಏಳನೇ ಗೋಪುರದ ತುದಿಯಲ್ಲಿ, ಕಥೆ ಮುಗಿಯುವ ಮೊದಲು,
ಓರ್ವೆನ್ ಎಂಬ ದೇವರು
ಒಂದು ಸಲ, ಒಂದೇ ಒಂದು ಸಲ, ರೆಪ್ಪೆ ಬಡಿಯುತ್ತಾನೆ.

ಅಷ್ಟಕ್ಕೇ ಜಗಳ.

ಕ್ಲೈಪೆಡಾ ಬಂದರಿನ ಹಿಂದೆ, ಸೈಕಲ್ ರಿಪೇರಿ ಅಂಗಡಿಯ ನೆಲಮಾಳಿಗೆ.
ಹೊರಗೆ ಬಾಲ್ಟಿಕ್ ಗಾಳಿ ಕಬ್ಬಿಣಕ್ಕೆ ಹಲ್ಲು ಮಸೆಯುತ್ತಿದೆ.
ಒಳಗೆ ಕರಿದು ಬೆಳ್ಳುಳ್ಳಿ ಉಜ್ಜಿದ ಕಪ್ಪು ಬ್ರೆಡ್ಡು,
ಮೂರು ಸ್ಟೂಲು, ಒಂದು ಪರದೆ,
ಮತ್ತೆ ನಾಲ್ಕು ಚಳಿಗಾಲದಿಂದ ಇತ್ಯರ್ಥವಾಗದ ವ್ಯಾಜ್ಯ.

ಕ್ರೇನ್ ನಡೆಸುವ ಎಯ್ಮುಟಿಸ್ ಹೇಳುತ್ತಾನೆ:
ಬಡಿದನಲ್ಲ, ಅಲ್ಲಿಗೆ ಮುಗಿಯಿತು. ಮನುಷ್ಯನಾದ.
ಉಪ್ಪಿನ ಗ್ರಂಥದ ಮೂರನೇ ಹಾಳೆ ನೋಡು
(ಅದು ಸಿಗುವುದು ಮುಳುಗಿದ ಗಂಟೆಮನೆಯಲ್ಲಿ,
ನಾಲ್ಕು ಸಲ ಉಸಿರುಕಟ್ಟಿ ಸತ್ತ ಮೇಲೆ),
'ದಣಿವು ಅರಿತವನಿಗೆ ದಡವೂ ಒಂದಿದೆ' ಅಂತ ಬರೆದಿದೆ.
ದಣಿವು ಅಂದರೇನು? ಸಾವು ಕೊಟ್ಟ ಮುಂಗಡ.
ನಲವತ್ತು ಮೀಟರು ಎತ್ತರದಲ್ಲಿ ದಿನವಿಡೀ ಕೂರುತ್ತೇನೆ ನಾನು,
ಕೆಳಗಿನವರೆಲ್ಲ ಇರುವೆ.
ಮೊದಲ ವಾರ ದೇವರಂತೆ ಇರುತ್ತದೆ,
ಆಮೇಲೆ ಆಕಳಿಕೆ.

ಡೊಮಾಂಟಸ್‌ಗೆ ಹತ್ತೊಂಬತ್ತು. ಹಾಳೆಗಳಲ್ಲಿ ನಂಬಿಕೆಯಿಲ್ಲ.
ಆ ದೃಶ್ಯವನ್ನು ಚೂರುಚೂರು ಮಾಡಿ ಎಣಿಸಿದ್ದಾನೆ:
ರೆಪ್ಪೆ ಮುಚ್ಚಿದ್ದು ಹನ್ನೊಂದು ಚಿತ್ರದಷ್ಟು ಹೊತ್ತು.
ಕಾವಲುಗಾರ, ಮೀನು ಮಾರುವವಳು, ಮೊದಲ ಹಳ್ಳಿಯ ಕುಂಟ ಮೇಕೆ,
ಎಲ್ಲರದ್ದೂ ಹನ್ನೊಂದೇ.
ಯಾರೋ ಪುಣ್ಯಾತ್ಮ, ಬೆಳಗಿನ ಜಾವ ಮೂರಕ್ಕೆ, ಮನೆಗೆ ಹೋಗುವ ಆತುರದಲ್ಲಿ
ಮೇಕೆಯ ರೆಪ್ಪೆ ತಂದು ದೇವರಿಗೆ ಅಂಟಿಸಿದ್ದಾನೆ, ಅಷ್ಟೇ.
ದೇವರು ಸಾಯಲ್ಲ. ಮರೆತರೆ ಸವೆಯುತ್ತಾನೆ, ಸಾಬೂನಿನ ಹಾಗೆ.

'ಸವೆದು ಮುಗಿದ ಸಾಬೂನಿಗೆ ಏನಂತೀಯ?'
'ನೊರೆ ಅಂತೀನಿ.'

ನನ್ನ ಭಾಷೆಗೆ ಈ ಜಗಳದಲ್ಲಿ ಪಾಲಿಲ್ಲ.
ಆದರೂ ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತಿದೆ.
ದೇವತೆಗಳನ್ನು ಅದು ಅನಿಮಿಷರು ಅನ್ನುತ್ತದೆ:
ರೆಪ್ಪೆ ಬಡಿಯದವರು, ಬೆವರದವರು,
ಮುಡಿದ ಹೂ ಬಾಡದವರು, ಪಾದ ನೆಲಕ್ಕೆ ತಾಗದವರು.
ಯಾರಾದರೂ ತೀರಿಕೊಂಡರೆ
ಆ ತಾಗದ ಪಾದವನ್ನೇ ಸೇರಿದರು ಅನ್ನುತ್ತದೆ.
ದೇವರೇ ತೀರಿಕೊಂಡರೆ ಯಾರ ಪಾದ ಎಂದು ಕೇಳಿದರೆ
ಕೆಮ್ಮಿ ಮಾತು ಬದಲಿಸುತ್ತದೆ.

ಸ್ಕಿರ್ಮಂತೆ ತಡವಾಗಿ ಬಂದಳು, ಆಸ್ಪತ್ರೆಯ ಪಾಳಿ ಮುಗಿಸಿ.
ಬೂಟಿನ ಹಿಮ ಕೊಡವಿ, ಅಂಗೈ ಹೀಟರಿಗೆ ಹಿಡಿದು,
ಇಬ್ಬರ ವಾದವನ್ನೂ ಬ್ರೆಡ್ಡಿನ ಜೊತೆ ಅಗಿದಳು.
ಆಮೇಲೆ ಯಾರಿಗೂ ಅಲ್ಲದ ಹಾಗೆ ಹೇಳಿದಳು:
ಇವತ್ತು ಮಧ್ಯಾಹ್ನ ಒಬ್ಬ ಮುದುಕ. ಹಡಗಿಗೆ ಬಣ್ಣ ಬಳಿಯುತ್ತಿದ್ದವನು.
ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು.
ನನ್ನನ್ನೇ ನೋಡುತ್ತಿದ್ದ. ಸಲೈನ್ ಬದಲಿಸಿದೆ,
ಹಿಮ ಜಾಸ್ತಿ ಅಂದೆ, ಬಸ್ಸು ತಡ ಅಂದೆ.
ಎಷ್ಟೋ ಹೊತ್ತಿಗೆ ಗೊತ್ತಾಯಿತು,
ಅವನು ರೆಪ್ಪೆ ಬಡಿಯುತ್ತಿಲ್ಲ.

ಎರಡು ಬೆರಳಿನಿಂದ ಮುಚ್ಚಿದೆ. ಎಡಗಣ್ಣು ಮತ್ತೆ ತೆರೆದುಕೊಂಡಿತು.
ಒದ್ದೆ ಹತ್ತಿ ಇಟ್ಟು ಹಿಡಿದುಕೊಂಡಿದ್ದೆ.

ಪರದೆಯ ಮೇಲೆ ಓರ್ವೆನ್ ನಿಂತೇ ಇದ್ದ, ಯಾರೋ ಆಟ ತಡೆದಿದ್ದರು.
ಕಣ್ಣು ಅರ್ಧ. ಮುಚ್ಚುತ್ತಿದ್ದಾನೋ ತೆರೆಯುತ್ತಿದ್ದಾನೋ
ಹೇಳುವಂತಿರಲಿಲ್ಲ.

ಎಯ್ಮುಟಿಸ್ ಮೂರನೇ ಹಾಳೆಯ ಮಾತೆತ್ತಲಿಲ್ಲ.
ಡೊಮಾಂಟಸ್ ತಟ್ಟೆಯನ್ನು ಅವಳ ಕಡೆ ಸರಿಸಿದ,
ಸುಮ್ಮನಿರಲಾರದೆ ಕೇಳಿಯೂ ಬಿಟ್ಟ:
'ಹಾಗಾದರೆ ಆ ಹನ್ನೊಂದು ಚಿತ್ರ?'
'ಬದುಕಿದ್ದ ಅಂತ. ಅಷ್ಟು ಹೊತ್ತಾದರೂ.'
'ಮೇಕೆಯ ಹಾಗೆ?'
'ಮೇಕೆಯ ಹಾಗೇ.'

ದೋಣಿಯೊಂದು ಕೂಗಿತು, ಕೊನೆಯದಿರಬೇಕು.
ಆಟ ಮತ್ತೆ ಮೊದಲಿನಿಂದ. ಗುಂಡಿಗಳು ಈಗ ಸ್ಕಿರ್ಮಂತೆಯ ಕೈಯಲ್ಲಿ.
ಮೊದಲ ಹಳ್ಳಿ, ಬೇಲಿ, ಬೇಲಿಯಾಚೆ ಕುಂಟ ಮೇಕೆ.
ಅವಳು ಅದರೆದುರು ನಿಂತೇಬಿಟ್ಟಳು.
ಗೋಪುರ ಏಳೂ ಹಾಗೇ ಕಾಯುತ್ತಿದ್ದವು.
ಡೊಮಾಂಟಸ್ ಅವಸರ ಮಾಡಲಿಲ್ಲ.